ಪುಗ್ಗಾ ಅಕ್ಕೋರು

ಅಕ್ಕೋರ ಕೆಳತುಟಿಯ ಮೇಲೆ ಯಾವಾಗಲೂ ಒಂದಿಷ್ಟು ಬಿಳಿ ಪುಡಿ ಅಂಟಿಕೊಂಡಿರುತ್ತಿತ್ತು. ಹಣೆಯ ಮೇಲೆ ವಿಭೂತಿ, ತುಟಿಯ ಮೇಲೆ ಪುಡಿ, ಎರಡೂ ಒಂದೇ ಬಣ್ಣ. ಮೊದಲ ಸಲ ನೋಡಿದವರು, ಈ ಹೆಂಗಸು ಎಲ್ಲೋ ಪೇಢೆ ತಿಂದು ಬಾಯಿ ಒರೆಸಿಕೊಳ್ಳುವುದನ್ನು ಮರೆತಿದ್ದಾಳೆ ಅಂದುಕೊಳ್ಳುತ್ತಿದ್ದರು. ಅದು ಸಕ್ಕರೆಯಲ್ಲ. ಹೊಸ ಪುಗ್ಗಾಗಳು ಒಂದಕ್ಕೊಂದು ಅಂಟಬಾರದೆಂದು ಅವುಗಳ ಮೇಲೆ ಉದುರಿಸಿರುತ್ತಾರಲ್ಲ, ಆ ಪುಡಿ. ಬೇರೆ ಊರಿನವರು ಬಲೂನು ಅನ್ನುವುದಕ್ಕೆ ನಾವು ಪುಗ್ಗಾ ಅನ್ನುತ್ತೇವೆ. ಐವತ್ತು ದಾಟಿದ, ದಮ್ಮಿನ ರೋಗವಿದ್ದ ಹೆಂಗಸೊಬ್ಬಳು ದಿನಾ ಪುಗ್ಗಾ ಊದುವುದನ್ನೇ ಉದ್ಯೋಗ ಮಾಡಿಕೊಂಡರೆ ಊರವರು ಏನೆಂದು ಕರೆದಾರು? ಪುಗ್ಗಾ ಅಕ್ಕೋರು.

ಅವರು ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾಗಿರಲಿಲ್ಲ. ಮಾತು ತಡವಾದ, ಕರೆದರೆ ತಿರುಗದ, ತಮ್ಮಷ್ಟಕ್ಕೆ ತಾವೇ ಇರುವ ಮಕ್ಕಳನ್ನು ಕೂರಿಸಿಕೊಂಡು, ಆಟವಾಡಿಸಿ, ಇದು ಆಟಿಸಂ ಇರಬಹುದೋ ಇಲ್ಲವೋ ಎಂದು ನೋಡುವುದು ಅವರ ಕೆಲಸ. ಅದನ್ನೇ ಓದಿಕೊಂಡು ಬಂದಿದ್ದರು. ಯಾವುದೋ ಸಂಸ್ಥೆ ಅವರನ್ನು ನಮ್ಮ ಸೀಮೆಗೆ ನೇಮಿಸಿತ್ತು. ಊರು ಮುಂಡಗೋಡ. ಒಂದು ವಾರ ಅಲ್ಲೇ, ಒಂದು ವಾರ ಹಳಿಯಾಳ, ಒಂದು ವಾರ ದಾಂಡೇಲಿ, ಒಂದು ವಾರ ಜೋಯಿಡಾ ಎಂದು ಸರ್ಕಾರಿ ಬಸ್ಸಿನಲ್ಲಿ ತಿರುಗುತ್ತಿದ್ದರು. ಹೆಗಲಿಗೆ ಒಂದು ರೆಕ್ಸಿನ್ ಚೀಲ. ಅದರ ಜಿಪ್ಪು ತೆಗೆದರೆ ರಬ್ಬರಿನ ವಾಸನೆ ಘಮ್ಮೆನ್ನುತ್ತಿತ್ತು.

ನನ್ನದೂ ಹೇಳಿಬಿಡುತ್ತೇನೆ. ನಾನು ದಾಂಡೇಲಿಯವನು, ಮಿಮಿಕ್ರಿ ಕಲಾವಿದ. ಕಾಳಿ ನದಿಯ ದಂಡೆಯ ರೆಸಾರ್ಟೊಂದರಲ್ಲಿ ಕೆಲಸ. ಹಗಲೆಲ್ಲ ಕಾಡು ಸುತ್ತಿ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಒಂದೂ ಕಾಣದೆ ಮುಖ ಸಪ್ಪಗೆ ಮಾಡಿಕೊಂಡು ಬಂದ ಪ್ರವಾಸಿಗಳಿಗೆ ಸಂಜೆ ನಾನೇ ಮಂಗಟ್ಟೆ. ಕೂಗು ಹಾಗೇ ಬರುತ್ತದೆ, ಮೂಗೂ ದೇವರು ಕೊಟ್ಟದ್ದು ಹಾಗೇ ಇದೆ. ನಮ್ಮಪ್ಪ ಲಾರಿ ಮೆಕ್ಯಾನಿಕ್. ನನ್ನ ಬಗ್ಗೆ ಗ್ಯಾರೇಜಿನಲ್ಲಿ ಗಿರಾಕಿಗಳಿಗೆ ಹೇಳುತ್ತಿದ್ದುದು ಒಂದೇ ಮಾತು: "ಇಂವ ಇಂಜಿನ್ ಬಾಯ್ಲೆ ಚಾಲೂ ಮಾಡ್ತಾನ್ರಿ. ಕೈಲೆ ಮಾಡಾಕ ಬರೂದಿಲ್ಲ."

ಅಕ್ಕೋರನ್ನು ನಾನು ನೋಡುವುದಕ್ಕಿಂತ ಮೊದಲೇ ಅವರ ಮಿಮಿಕ್ರಿ ಮಾಡುತ್ತಿದ್ದೆ. ಆಶ್ಚರ್ಯಪಡಬೇಡಿ, ನಮ್ಮ ಧಂದೆಯೇ ಹಾಗೆ. ಗೆಳೆಯನೊಬ್ಬ ನೋಡಿ ಬಂದು ವರ್ಣಿಸಿದ್ದ, ಉಳಿದದ್ದು ನಾನು ಸೇರಿಸಿದ್ದೆ. ಒಮ್ಮೆ ಹಳಿಯಾಳಕ್ಕೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಗೆಳೆಯರಿಗಾಗಿ ಶುರು ಮಾಡಿದೆ. ಬಲಹೆಗಲಿಗೆ ಚೀಲ, ಕೆನ್ನೆ ಉಬ್ಬಿಸಿ ಪುಗ್ಗಾ, ನಡುನಡುವೆ ದಮ್ಮಿನ ಸುಯ್‌ಸುಯ್. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮುಂದಿನ ಸೀಟಿನ ಹೆಂಗಸು ತಿರುಗಿದರು. ತುಟಿಯ ಮೇಲೆ ಬಿಳಿ ಪುಡಿ.

"ಚೀಲ ಎಡಗಡೆ ಹಾಕ್ತೀನಿ ನಾ," ಅಂದರು. "ನೋಡಿ ಮಾಡು."

ಅಷ್ಟೇ ಹೇಳಿ ಮುಂದೆ ತಿರುಗಿದರು. ಇಳಿಯುವಾಗ ನನ್ನ ಹತ್ತಿರ ನಿಂತು, "ದಮ್ಮು ಛಲೋ ಮಾಡ್ದಿ. ನಿಂಗೂ ಐತೇನು?" ಎಂದು ಕೇಳಿದರು. ಇಲ್ಲರೀ ಅಂದೆ. "ಮತ್ತ ಹುಷಾರು. ಬಾಯ್ಲೆ ಮಾಡಿದ್ದು ಮೈಗೆ ಹತ್ತತೈತಿ ಗಿಳಿರಾಮ." ಅವತ್ತಿನಿಂದ ನಾನು ಅವರಿಗೆ ಗಿಳಿರಾಮ.

ದೊಡ್ಡವರ ಎದುರು ಅಕ್ಕೋರ ಮುಖ ಸತ್ತ ಬ್ಯಾಟರಿಯಂತಿರುತ್ತಿತ್ತು. ನಗು ಇಲ್ಲ, ಉಪಚಾರ ಇಲ್ಲ. ಮಗು ಎದುರು ಕೂತಿತೋ, ಹುಬ್ಬು ಹಾರಿ ವಿಭೂತಿಯನ್ನು ಮುಟ್ಟುತ್ತಿತ್ತು, ಕಣ್ಣು ದೋಸೆಯಷ್ಟಗಲ, ಬಾಯಿ "ಓ..!" ಒಮ್ಮೆ ಕೇಳಿಯೇಬಿಟ್ಟೆ: "ಅಕ್ಕೋರ, ನಮ್ಮ ಪಾಲಿಗೂ ಒಂದೀಟು ನಗು ಇಡ್ರಲ್ಲ." ಅವರೆಂದರು: "ಸಂಜೀತನಾ ಹುಡುಗರ ಮುಂದ ಖರ್ಚಾಗಿರತೈತಿ. ನಿಮಗೆಲ್ಲಿಂದ ತರ್ಲಿ?"

ಅವರ ಪರೀಕ್ಷೆ ನೋಡಿದವರಿಗೆ ಅದು ಪರೀಕ್ಷೆ ಅನ್ನಿಸುತ್ತಲೇ ಇರಲಿಲ್ಲ. ಪುಗ್ಗಾ ಊದುವರು. ಬಾಯಿ ಕಟ್ಟದೆ ಕೈಬಿಡುವರು. ಅದು ಫರ್ರೆಂದು ಕೋಣೆಯೆಲ್ಲ ಸುತ್ತಿ ಎಲ್ಲೋ ಬೀಳುವುದು. ಆಮೇಲೆ ಸುಮ್ಮನೆ ಕೂತುಬಿಡುವರು. ಮಗು ಪುಗ್ಗಾ ತಂದುಕೊಡುತ್ತದೆಯೇ, ತಂದುಕೊಟ್ಟರೆ ಇವರ ಮುಖ ನೋಡುತ್ತದೆಯೇ, ಪುಗ್ಗಾ ಹಾರಿದಾಗ 'ನೋಡಿದ್ಯಾ ಅವ್ವಾ?' ಅನ್ನುವಂತೆ ತಾಯಿಯ ಕಡೆ ತಿರುಗುತ್ತದೆಯೇ, ಇಷ್ಟನ್ನು ಕಾಯುವುದು. ತಾಯಂದಿರಿಗೆ ತಡೆಯುತ್ತಿರಲಿಲ್ಲ. "ಕೇಳಪಾ, ಪುಗ್ಗಾ ಕೊಡ್ರಿ ಅನ್ನು" ಎಂದು ಮಗುವನ್ನು ತಿವಿಯುತ್ತಿದ್ದರು. ಆಗ ಅಕ್ಕೋರು ಬೆರಳೆತ್ತಿ ಒಂದೇ ಮಾತು ಹೇಳುವರು: "ಕಾಯ್ರಿ. ಉತ್ತರ ಅದರದು, ನಿಮ್ಮದಲ್ಲ."

ಡಾಕ್ಟರು ಅವರಿಗೆ ಊದುವುದನ್ನು ಬಿಡಿ ಎಂದು ಹೇಳಿದ್ದರು. ನಾನು ದೊಡ್ಡ ಉಪಕಾರಿಯಂತೆ ರೆಸಾರ್ಟಿನಿಂದ ರಾಫ್ಟಿಗೆ ಗಾಳಿ ಹೊಡೆಯುವ ಕಾಲುಪಂಪು ಹೊತ್ತು ತಂದೆ. ಒಂದು ಸಲ ತುಳಿದೆ. ಪುಗ್ಗಾ ಢಬ್ಬೆಂದು ಒಡೆಯಿತು. ಜೋಯಿಡಾದಿಂದ ಬಂದಿದ್ದ ಹುಡುಗಿಯೊಂದು ಹೆದರಿ ಮೇಜಿನ ಕೆಳಗೆ ಸೇರಿತು. ಅಕ್ಕೋರು ನನ್ನನ್ನು ನುಂಗುವಂತೆ ನೋಡಿ, ತಾವೂ ಮೇಜಿನ ಕೆಳಗೆ ತೂರಿ, ಅದರ ಪಕ್ಕ ಕೂತರು. ಹೊರಬಂದ ಮೇಲೆ ಬೈದರು.

"ತುಳ್ದು ಊದಿದ್ರ ಹುಡುಗಿ ಎಲ್ಲಿ ನೋಡತೈತಿ? ನಿನ್ನ ಕಾಲು ನೋಡತೈತಿ. ಪಂಪಿಗೆ ಮುಖ ಐತೇನು?"

"ಇಲ್ರಿ."

"ನಂಗೈತಿ. ಅದಕ್ಕ ಊದ್ತೀನಿ."

ಅದೇ ಹುಡುಗಿಯ ವಿಷಯದಲ್ಲಿ ಇನ್ನೊಂದು ನೆನಪು. ಸಂಸ್ಥೆಯವರು ಕೊಟ್ಟ ಆಟದ ಸಾಮಾನಿನಲ್ಲಿ ಗೊಂಬೆಯ ಹುಟ್ಟುಹಬ್ಬ ಆಚರಿಸುವ ಸೆಟ್ಟಿತ್ತು. ಪ್ಲಾಸ್ಟಿಕ್ಕಿನ ಕೇಕು, ಮೇಣದಬತ್ತಿ. ಹುಡುಗಿ ಕೇಕನ್ನು ಕೈಯಲ್ಲಿ ತಿರುಗಿಸಿ ನೋಡಿ ಕೆಳಗಿಟ್ಟಳು. ಜೊತೆಗಿದ್ದ ತರುಣ ಕಾರ್ಯಕರ್ತನೊಬ್ಬ "ಗೊಂಬೆಯಾಟ ಗೊತ್ತಿಲ್ಲ" ಎಂದು ಬರೆದುಕೊಳ್ಳತೊಡಗಿದ. ಅಕ್ಕೋರು ಅವನ ಕೈ ಹಿಡಿದರು. "ಸೂಪಾದ ಆಚೀಕಡೆ ಕಾಡಿನ್ಯಾಗಿಂದ ಬಂದೈತಿ. ಕೇಕು ಕಂಡಿಲ್ಲ. ಅದು ಹುಡುಗಿ ಕೊರತಿ ಅಲ್ಲಪಾ, ಬೇಕರಿ ಕೊರತಿ." ತಮ್ಮ ಸೆರಗನ್ನೇ ಎರಡು ಕುರ್ಚಿಗಳ ನಡುವೆ ತೊಟ್ಟಿಲಿನಂತೆ ಹಿಡಿದರು. ಹುಡುಗಿ ಗೊಂಬೆಯನ್ನು ಅದರಲ್ಲಿ ಮಲಗಿಸಿ, ತೂಗಿ, 'ಶ್' ಎಂದು ನಮಗೆಲ್ಲ ಸುಮ್ಮನಿರಲು ಸನ್ನೆ ಮಾಡಿದಳು. ಆ ಹುಡುಗಿಗೆ ಕಿವಿ ತುಸು ಮಂದ, ಅಷ್ಟೇ ತೊಂದರೆಯೆಂದು ಆಮೇಲೆ ಗೊತ್ತಾಯಿತು.

ಇಷ್ಟೆಲ್ಲ ನೋಡಿದ್ದು ಅಕ್ಕೋರು ದಾಂಡೇಲಿಗೆ ಬಂದ ವಾರಗಳಲ್ಲಿ, ಹಗಲು ಬಿಡುವಿದ್ದಾಗ ಅವರ ಕೋಣೆಯಲ್ಲಿ ಕೂತು. ಅರ್ಥವಾದದ್ದು ಮಾತ್ರ ಮುನ್ನಾನಿಂದ. ಮುನ್ನಾ ನನ್ನ ಅಕ್ಕನ ಮಗ.

ಅಕ್ಕನನ್ನು, ಅಂದರೆ ನಮ್ಮ ಆಪಾಳನ್ನು, ಹಳಿಯಾಳಕ್ಕೆ ಕೊಟ್ಟಿದೆ. ಭಾವನದು ಟೈರಿನ ಅಂಗಡಿ. ಮುನ್ನಾ ಹುಟ್ಟಿ ಅಂಬೆಗಾಲಿಡುವಷ್ಟರಲ್ಲಿ ಲಾಕ್‌ಡೌನು ಬಂತು. ಎರಡು ವರ್ಷವಾದರೂ ಒಂದು ಮಾತಿಲ್ಲ. ನೋಡಿದವರೆಲ್ಲ ಒಂದೊಂದು ಕಾರಣ ಕೊಟ್ಟರು. ಲಾಕ್‌ಡೌನಿನ ಮಕ್ಕಳೇ ಹಾಗೆ ಅಂದರು ಕೆಲವರು. ಮನೆಯಲ್ಲಿ ಉರ್ದು, ಬಾಜೂ ಮನೆಯಲ್ಲಿ ಮರಾಠಿ, ಅಂಗನವಾಡಿಯಲ್ಲಿ ಕನ್ನಡ, ಹುಡುಗನಿಗೆ ಗೊಂದಲವಾಗಿದೆ ಅಂದರು ಇನ್ನು ಕೆಲವರು. ಬಜೆ ಬೇರು ತೇಯ್ದು ನೆಕ್ಕಿಸಿರಿ ಅಂದರು ಮುದುಕಿಯರು. ನೆಕ್ಕಿಸಿದ್ದೂ ಆಯಿತು.

ಒಂದು ದಿನ ಮುನ್ನಾ ಮಾತಾಡಿದ. ಅದೂ ಎಂಥ ಮಾತು! ಸಾಕ್ಷಾತ್ ಬಸ್ ಕಂಡಕ್ಟರನ ದನಿ: "ಇಳಿಯೋರು ಮುಂದ ಬರ್ರಿ! ಲಗೂನ ಲಗೂನ!" ಸೀಟಿ ಊದಿದ ಸದ್ದು ಕೂಡ. ಆಪಾ ಅಳುತ್ತ ಫೋನು ಮಾಡಿದಳು, ಸಂತೋಷಕ್ಕೆ. ಆಮೇಲೆ ಮಿಕ್ಸರಿನ ಜಾಹೀರಾತು, ರೈಲಿನ ಘೋಷಣೆ, ತರಕಾರಿ ಮಾರುವವನ ಕೂಗು, ನಮ್ಮಪ್ಪನ ಕೆಮ್ಮು, ಯಾವುದೂ ಒಂದು ಕೂದಲೆಳೆ ಆಚೀಚೆ ಇಲ್ಲ. ಬೇರೆ ಮನೆಯವರಾಗಿದ್ದರೆ ಹೆದರುತ್ತಿದ್ದರೇನೋ. ನಮ್ಮದು ಮಿಮಿಕ್ರಿಯವನ ಮನೆ. ನಾವು ಹಿಗ್ಗಿದೆವು. "ಮಾಮೂನ ಕಲಾ ಬಂದೈತಿ" ಎಂದು ಭಾವ ಅಂಗಡಿಗೆ ಬಂದ ಗಿರಾಕಿಗಳ ಮುಂದೆ ಅವನನ್ನು ಟೈರಿನ ಮೇಲೆ ನಿಲ್ಲಿಸುತ್ತಿದ್ದ. ನೀರು ಬೇಕೆಂದು ಕೇಳಲು ಬಾರದ ಹುಡುಗ ರೈಲನ್ನು ಹುಬ್ಬಳ್ಳಿಯ ಪ್ಲಾಟ್‌ಫಾರ್ಮಿಗೆ ಮೂರು ಭಾಷೆಯಲ್ಲಿ ತಂದು ನಿಲ್ಲಿಸುತ್ತಿದ್ದ. ಅದು ನಮಗ್ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಅವನಿಗೆ ಐದು ತುಂಬಿದ ಮೇಲೆ ಹಳಿಯಾಳದಲ್ಲಿ ಯುವಕ ಸಂಘವೊಂದರ ವಾರ್ಷಿಕೋತ್ಸವ ನಡೆಯಿತು. ನನ್ನ ಕಾರ್ಯಕ್ರಮವಿತ್ತು. ಭಾವನ ಹಟಕ್ಕೆ ಮುನ್ನಾನೂ ಸ್ಟೇಜಿಗೆ ಹತ್ತಿದ. ನಾನು ಮಂಗಟ್ಟೆ ಕೂಗಿದೆ, ನಕ್ಕರು. ಶಾಸಕರ ಭಾಷಣ ಮಾಡಿದೆ, ಇನ್ನೂ ನಕ್ಕರು. ಮುನ್ನಾನ ಕೈಗೆ ಮೈಕು ಕೊಟ್ಟೆ. "ಇಳಿಯೋರು ಮುಂದ ಬರ್ರಿ!" ಅಂದ. ಇಡೀ ಸಭಾಂಗಣ ಎದ್ದು ಕೂತಿತು. ಸಿಳ್ಳೆ, ಚಪ್ಪಾಳೆ, ಒನ್ಸ್ ಮೋರ್. ಮತ್ತೆ ಅಂದ. ಮತ್ತೆ ಒನ್ಸ್ ಮೋರ್. ಭಾವ ಕೆಳಗಿನಿಂದ ಫೋನು ಹಿಡಿದು ರೆಕಾರ್ಡ್ ಮಾಡುತ್ತ, "ಇಳಸಬ್ಯಾಡೋ, ಇಳಸಬ್ಯಾಡ" ಎಂದು ಕೂಗುತ್ತಿದ್ದ. ಹುಡುಗ ಅದನ್ನೇ ಹೇಳುತ್ತ ಹೋದ, ದನಿ ಏರುತ್ತ ಹೋಯಿತು. ಇಂಥ ಹುರುಪಿನ ಕಲಾವಿದ ನಾನೂ ಅಲ್ಲ ಎಂದುಕೊಂಡೆ.

ಕಾರ್ಯಕ್ರಮ ಮುಗಿದ ಮೇಲೆ ಅಕ್ಕೋರು ಬಂದರು. ಹಿಂದಿನ ಸಾಲಿನಲ್ಲಿ ಕೂತಿದ್ದರಂತೆ.

"ಗಿಳಿರಾಮ, ಮಂಗಟ್ಟಿ ಕೂಗಿದ ಮ್ಯಾಲೆ ನೀ ಎಲ್ಲಿ ನೋಡ್ದಿ?"

"ಜನರ ಕಡೆ ನೋಡ್ದೆ."

"ಯಾಕ?"

"ನಕ್ಕರೋ ಇಲ್ಲೋ ಅಂತ. ನಗಲಿಲ್ಲಂದ್ರ ಮುಂದಿನ ವರ್ಷ ಕರ್ಯೂದಿಲ್ಲಲ್ರಿ."

"ಹುಡುಗ ಎಲ್ಲಿ ನೋಡ್ದ?"

ನೆನಪು ಮಾಡಿಕೊಂಡೆ. ಮುನ್ನಾ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದ. ಅಷ್ಟು ಜನ ನಕ್ಕರಲ್ಲ, ಒಬ್ಬರ ಮುಖವನ್ನೂ ನೋಡಿರಲಿಲ್ಲ.

"ಸೋಮವಾರ ಹಳಿಯಾಳದಾಗ ಇರ್ತೀನಿ," ಅಂದರು. "ತಾಯಿನ್ನ ಕರ್ಕೊಂಡ್ ಬಾ."

ಹಳಿಯಾಳದಲ್ಲಿ ಅಕ್ಕೋರಿಗೆ ಕೊಟ್ಟಿದ್ದು ಶಾಲೆಯೊಂದರ ಹಿಂದಿನ ಕೋಣೆ. ಅರ್ಧ ಭಾಗ ಅಕ್ಕಿ ಚೀಲ, ಅರ್ಧ ಅಕ್ಕೋರು. ಅವರು ನೆಲದ ಮೇಲೆ ಕೂತು ಪುಗ್ಗಾ ಊದಿದರು, ಬಿಟ್ಟರು. ಮುನ್ನಾ ಕುಣಿದಾಡಿಬಿಟ್ಟ. ಓಡಿ ಹೋಗಿ ಹೆಕ್ಕಿ ತಂದ. ಆಪಾಳ ಮುಖ ಅರಳಿತು. ಹುಡುಗ ಅಕ್ಕೋರ ಕೈಯನ್ನು ಹಿಡಿದೆತ್ತಿ, ಅದರಲ್ಲಿ ಪುಗ್ಗಾ ಇಟ್ಟು, ಕೈಯನ್ನು ಅವರ ಬಾಯಿಯ ಹತ್ತಿರ ಒಯ್ದ. ನಲ್ಲಿಯ ಹಿಡಿಕೆ ತಿರುಗಿಸಿದ ಹಾಗೆ. ಮುಖ ನೋಡಲಿಲ್ಲ. ಅಕ್ಕೋರು ಹುಬ್ಬು ಏರಿಸಿ ಕಾದರು. ಅವನು ಮತ್ತೆ ಕೈ ಎತ್ತಿದ. ಅವರು ಮತ್ತೆ ಕಾದರು.

"ಅನ್ನು ಬೇಟಾ, ಪುಗ್ಗಾ ಅನ್ನು," ಅಂದಳು ಆಪಾ.

"ಕಾಯವಾ."

ಹೆಸರು ಹಿಡಿದು ಕರೆದರು. ಮುನ್ನಾ. ತಿರುಗಲಿಲ್ಲ. ಆಪಾ ಕರೆದಳು, ಇಲ್ಲ. ನನಗೆ ತಡೆಯಲಿಲ್ಲ, ಕಂಡಕ್ಟರನ ಸೀಟಿ ಊದಿದೆ. ಗಕ್ಕನೆ ತಿರುಗಿದ. ನಾನು ಗೆದ್ದವನಂತೆ ಅಕ್ಕೋರನ್ನು ನೋಡಿದೆ.

"ಅವನ ಹೆಸರು ಸೀಟಿ ಏನು?" ಅಂದರು.

ಹೀಗೇ ಒಂದಷ್ಟು ಹೊತ್ತು ಕಳೆಯಿತು. ಹೊರಗೆ ಶಾಲೆಯ ಗಂಟೆ ಹೊಡೆದು ಮಕ್ಕಳ ಗದ್ದಲ ಶುರುವಾಯಿತು. ಮುನ್ನಾ ಎರಡೂ ಕಿವಿ ಮುಚ್ಚಿಕೊಂಡ. ಆಮೇಲೆ ತಗಡಿನ ಬಾಗಿಲಿನ ಕಡೆ ಹೋಗಿ, ಅದಕ್ಕೆ ಹಣೆ ಹಚ್ಚಿ, ಪಕ್ಕಾ ಕಂಡಕ್ಟರನ ದನಿಯಲ್ಲಿ ಅಂದ: "ಇಳಿಯೋರು ಮುಂದ ಬರ್ರಿ."

ನಾನು ಅಭ್ಯಾಸಬಲದಿಂದ ನಕ್ಕೆ. ಆಪಾಳೂ ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಳು. ಅಕ್ಕೋರು ನಗಲಿಲ್ಲ. ಮೊಣಕಾಲಿಗೆ ಕೈ ಕೊಟ್ಟು ಎದ್ದು, ಹೋಗಿ ಬಾಗಿಲು ತೆಗೆದರು. ಹುಡುಗ ಹೊರಗೆ ಹೋಗಿ, ಗದ್ದಲವಿಲ್ಲದ ಕಡೆ ಬೇವಿನ ಮರದ ಕೆಳಗೆ ಕೂತ. ಕಿವಿಯ ಮೇಲಿನ ಕೈ ತೆಗೆದ.

"ಇದು ಮಿಮಿಕ್ರಿ ಅಲ್ಲ," ಅಂದರು ಅಕ್ಕೋರು. "ಇಲ್ಲಿಂದ ಹೊರಗ ಬಿಡ್ರಿ ಅಂತ ಹೇಳಾಕತ್ತಾನ. ಅವನ ಕಡೆ ಅದಕ್ಕ ಬ್ಯಾರೆ ಮಾತಿಲ್ಲ. ಬಸ್ಸಿನ್ಯಾಗ ಕೇಳ್ಯಾನ, ಆ ಮಾತು ಅಂದ ಕೂಡ್ಲೆ ಬಾಗಲಾ ತೆರೀತಿತ್ತು. ಅದನ್ನ ಇಟ್ಕೊಂಡಾನ."

ನಾನು ಬೇವಿನ ಮರದ ಕಡೆ ನೋಡಿದೆ. ಸ್ಟೇಜು ನೆನಪಾಯಿತು. ಮೈಕು ಹಿಡಿದು ದನಿ ಏರಿಸುತ್ತ ಏರಿಸುತ್ತ ಹುಡುಗ ಅದನ್ನೇ ಹೇಳಿದ್ದ. ಇಳಿಸಿರಿ, ಇಳಿಸಿರಿ ಎಂದು ಬೇಡಿಕೊಳ್ಳುತ್ತಿದ್ದ. ಹಳಿಯಾಳಕ್ಕೆ ಹಳಿಯಾಳವೇ ಒನ್ಸ್ ಮೋರ್ ಎಂದು ಕೂಗಿತ್ತು. ಆಪಾಳಿಗೂ ಅದೇ ನೆನಪಾಗಿರಬೇಕು. ದುಪಟ್ಟಾದ ಅಂಚನ್ನು ಬಾಯಿಗೆ ತುರುಕಿಕೊಂಡು ಅಕ್ಕಿ ಚೀಲಕ್ಕೆ ಆತು ನಿಂತಳು.

ಅಕ್ಕೋರು ಅವಳಿಗೆ ಸಮಾಧಾನ ಹೇಳಲಿಲ್ಲ. ಅದು ಅವರಿಗೆ ಬರುತ್ತಿರಲಿಲ್ಲ. "ಒಂದ್ ಸಲ ನೋಡಿ ಹೇಳೂ ಮಾತಲ್ಲ ಇದು. ಇನ್ನೊಂದ್ ಸಲ ಕುಂದರ್ಬೇಕು, ತಂದಿನೂ ಬರ್ಬೇಕು. ಆಮ್ಯಾಲೆ ನಾ ಬರದ್ ಕೊಡ್ತೀನಿ. ಅದನ್ನ ತಗೊಂಡ ದೊಡ್ಡ ದವಾಖಾನಿಗೆ ಹೋಗ್ರಿ, ಸಾಲಿಗೆ ಹೋಗ್ರಿ. ಇನ್ನ ಹೊತ್ತು ಮಾಡಬ್ಯಾಡ್ರಿ," ಅಂದರು.

ಭಾವ ಬರಲಿಲ್ಲ. ಅಕ್ಕೋರೇ ಟೈರಿನ ಅಂಗಡಿಗೆ ಹೋದರು. ಇಲ್ಲಿ ನಾನು ಅವರ ಭಕ್ತನಂತೆ ಬರೆದರೆ ಸುಳ್ಳಾಗುತ್ತದೆ. ಮಕ್ಕಳಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದ ಹೆಂಗಸು ದೊಡ್ಡವರಿಗಾಗಿ ಒಂದು ಗಳಿಗೆಯೂ ಕಾಯಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರು ಹೋಗುವ ತನಕ ತಡೆದಿದ್ದರೆ ಆಗುತ್ತಿತ್ತು. ಮುನ್ನಾ ಟೈರಿನ ಮೇಲೆ ನಿಂತಿದ್ದ. ಅದನ್ನು ಕಂಡದ್ದೇ ತಡ, ಎಲ್ಲರೆದುರೇ ಅಂದುಬಿಟ್ಟರು:

"ಮಂಗ್ಯಾನ ಕುಣಿಸಿದ್ಹಂಗ ಕುಣಿಸಾಕತ್ತೀರಲ್ರಿ ಹುಡುಗನ್ನ. ಅವನಿಗೆ ತೊಂದ್ರಿ ಐತಿ."

ಭಾವನ ಮುಖ ಕಪ್ಪಿಟ್ಟಿತು. "ನನ್ನ ಮಗಗ ಹುಚ್ಚ ಅಂತ ಸಿಕ್ಕಾ ಹೊಡ್ಯಾಕ ಬಂದೀರೇನ್ ಮೇಡಮ್ಮಾರ?"

"ಸಿಕ್ಕಾ ನನ್ನ ಕಡೆ ಇಲ್ಲಪಾ. ಬಾಗಲಾ ಎಲ್ಲಿ ಐತಿ ಅಂತ ತೋರ್ಸಾಕ ಬಂದೀನಿ."

"ನಮ್ಮ ಅಂಗಡಿ ಬಾಗಲಾ ಅಲ್ಲಿ ಐತಿ ನೋಡ್ರಿ," ಅಂದ ಭಾವ.

ಅಲ್ಲಿಗೆ ಮುಗಿಯಲಿಲ್ಲ. ಭಾವ ನಾಲ್ಕು ಜನರನ್ನು ಕಟ್ಟಿಕೊಂಡು ಸಂಸ್ಥೆಯವರಿಗೆ ದೂರು ಕೊಟ್ಟ: ಈಕೆ ಚಂದ ಇರುವ ಮಕ್ಕಳಿಗೆ ಹೆಸರು ಇಡುತ್ತಾಳೆ, ನಾಳೆ ನಮ್ಮ ಹೆಣ್ಣುಮಕ್ಕಳನ್ನು ಯಾರು ಮದುವೆಯಾಗುತ್ತಾರೆ. ಆ ನಾಲ್ವರಲ್ಲಿ ಇಬ್ಬರ ಮಕ್ಕಳನ್ನು ಅಕ್ಕೋರು ಕಂಡೇ ಇರಲಿಲ್ಲ. ಸಂಸ್ಥೆಗೂ ನೆಪ ಬೇಕಿತ್ತೋ ಏನೋ, ಈ ವರ್ಷಕ್ಕೆ ಸಾಕು ಅಂದಿತು. ಹಳಿಯಾಳದ ಕೋಣೆಯ ಉಳಿದರ್ಧಕ್ಕೂ ಅಕ್ಕಿ ಚೀಲ ಬಂದವು. ಬೀಳ್ಕೊಡುಗೆ ಇಲ್ಲ, ಒಂದು ಶಾಲು ಇಲ್ಲ. ಅಕ್ಕೋರು ಮುಂಡಗೋಡಕ್ಕೆ ಹೋಗಿ ಕೂತರು.

ಭಾವ ಮುನ್ನಾನನ್ನು ಟಿವಿಯ ಮಕ್ಕಳ ಹಾಸ್ಯ ಕಾರ್ಯಕ್ರಮಕ್ಕೆ ಆರಿಸಲು ಹುಬ್ಬಳ್ಳಿಗೆ ಕರೆದುಕೊಂಡು ಹೋದ. ದೀಪದ ಬೆಳಕು ಬಿದ್ದದ್ದೇ ಹುಡುಗ ನೆಲಕ್ಕೆ ಬಿದ್ದು ಚೀರಿದನಂತೆ. ಆರಿಸುವವರು, "ಮನೆಯಲ್ಲಿ ಇನ್ನಷ್ಟು ಪ್ರಾಕ್ಟೀಸ್ ಮಾಡಿಸಿ" ಅಂದರಂತೆ. ಭಾವ ಅದನ್ನು ನಂಬಿ ಬಂದ. ಪ್ರಾಕ್ಟೀಸು ಶುರುವಾಯಿತು. ಆಪಾ ಫೋನಿನಲ್ಲಿ ಅಳುವುದೂ ಶುರುವಾಯಿತು, ಈ ಸಲ ಸಂತೋಷಕ್ಕಲ್ಲ.

ನಾನು ಮುಂಡಗೋಡಕ್ಕೆ ಹೋದೆ. ಅಕ್ಕೋರು ಅತ್ತಿವೇರಿಯ ಕೆರೆಯ ದಂಡೆಯಲ್ಲಿ ಸಿಕ್ಕರು. ಕೆಲಸ ಹೋದ ಮೇಲೆ ದಿನಾ ಬೆಳಿಗ್ಗೆ ಅಣ್ಣನ ಮಗನ ಸ್ಕೂಟರಿನಲ್ಲಿ ಅಲ್ಲಿಗೆ ಬಂದು ಹಕ್ಕಿ ನೋಡುತ್ತ ಕೂರುವರಂತೆ. ನಾನು ಹೋದವನೇ ಬೆಳ್ಳಕ್ಕಿಯಂತೆ ಕೂಗಿದೆ. ಇದ್ದಬದ್ದ ಹಕ್ಕಿಗಳೆಲ್ಲ ಹಾರಿಹೋದವು.

"ಬಂತು ಪೀಡಾ," ಅಂದರು ಅಕ್ಕೋರು. ತುಟಿಯ ಮೇಲೆ ಪುಡಿ ಇರಲಿಲ್ಲ. ಆ ತುಟಿ ಬೇರೆ ಯಾರದೋ ಅನ್ನಿಸಿತು.

ಮುನ್ನಾನ ವಿಷಯ ಎಲ್ಲ ಹೇಳಿದೆ. ಸುಯ್‌ಸುಯ್ ಎಂದು ಉಸಿರಾಡುತ್ತ ಕೇಳಿದರು.

"ಅಂಗಡ್ಯಾಗ ನಾ ಬಾಯಿ ಬಿಗಿ ಹಿಡೀಬೇಕಿತ್ತು," ಅಂದರು. "ಅವನೂ ತಂದಿ. ಅವನಿಗೂ ಟೈಮ್ ಬೇಕಿತ್ತು." ಆಮೇಲೆ ನನ್ನ ಕಡೆ ತಿರುಗಿದರು. "ನೀ ಊರ ಮಂದೀದೆಲ್ಲಾ ಮಿಮಿಕ್ರಿ ಮಾಡ್ತಿ. ನಂದೂ ಮಾಡ್ತಿ. ಆ ಹುಡುಗಂದು ಯಾವತ್ತರ ಮಾಡೀಯೇನು?"

"ಅವನದೇನು ಮಾಡ್ಲಿ ಅಕ್ಕೋರ? ಅಂವ ಸುಮ್ನ ಬಾಟ್ಲಿ ಟೋಪನ ತಿರುವ್ಕೋಂತ ಕುಂತಿರ್ತಾನ."

"ಅದನ್ನ ಮಾಡು. ಅವನ ಬಾಜೂಕ ಕುಂದ್ರು. ಅಂವ ತಿರುವಿದ್ರ ತಿರುವು, ಬಿಟ್ರ ಬಿಡು. ನಗಸಾಕ ಹೋಗಬ್ಯಾಡ. ನೀ ಬ್ಯಾರೆದವರದ ಮಾಡ್ತಿದ್ದದ್ದು ಮಂದಿಗೆ ತೋರ್ಸಾಕ. ಇದನ್ನ ಅವನಿಗೊಬ್ಬನಿಗೇ ತೋರ್ಸು."

ರಜೆ ಸಿಕ್ಕಾಗಲೆಲ್ಲ ಹಳಿಯಾಳಕ್ಕೆ ಹೋಗತೊಡಗಿದೆ. ಅವನು ಬಾಟಲಿಯ ಮುಚ್ಚಳವನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸುವನು, ನಾನೂ ಒಂದು ತಿರುಗಿಸುವೆ. ಅವನು 'ಹ್ಞೂಂ' ಎಂದು ರಾಗ ಎಳೆದರೆ ನಾನೂ ಎಳೆಯುವೆ. ನನ್ನ ಜೀವಮಾನದಲ್ಲೇ ಇಷ್ಟು ನೀರಸ ಪ್ರದರ್ಶನ ಕೊಟ್ಟಿಲ್ಲ. ನಗೆ ಇಲ್ಲ, ಚಪ್ಪಾಳೆ ಇಲ್ಲ, ಇದ್ದ ಒಬ್ಬ ಪ್ರೇಕ್ಷಕನೂ ಬೆನ್ನು ಹಾಕಿ ಕೂತವನು. ಭಾವ ಒಳಗೆ ಬಂದು ನೋಡಿ, "ಒಬ್ಬಂವ ಸಾಲ್ದಂತ ಈಗ ಇಬ್ಬರಾದ್ರು" ಎಂದು ಹೋಗುತ್ತಿದ್ದ.

ಮಳೆ ಬಿಟ್ಟ ಒಂದು ಮಧ್ಯಾಹ್ನ ಮುನ್ನಾ ತನ್ನ ಮುಚ್ಚಳವನ್ನು ತಟ್ಟನೆ ನಿಲ್ಲಿಸಿದ. ನಾನೂ ನಿಲ್ಲಿಸಿದೆ. ಮತ್ತೆ ತಿರುಗಿಸಿ ನಿಲ್ಲಿಸಿದ. ನಾನೂ. ಆಗ ತಲೆಯೆತ್ತಿ ನನ್ನ ಮುಖ ನೋಡಿದ. ಮೂಗನ್ನಲ್ಲ, ಮೂಗು ಎಲ್ಲರೂ ನೋಡುತ್ತಾರೆ. ಕಣ್ಣನ್ನು. ಇವನು ಹಿಂದೆ ಬರುತ್ತಾನೋ ಇಲ್ಲವೋ ಎಂದು ಪರೀಕ್ಷೆ ಮಾಡುವವನಂತೆ. ಆಮೇಲೆ ತುಟಿಯ ಒಂದು ಮೂಲೆ ಸಣ್ಣಗೆ ಮೇಲೆ ಹೋಯಿತು.

ಹೊರಗೆ ಓಡಿ ಫೋನು ಹಚ್ಚಿದೆ. "ಅಕ್ಕೋರ, ನೋಡ್ದ!"

"ಎಷ್ಟೊತ್ತು?"

"ಹಿಂಗಂದ್ರ ಹಿಂಗ. ಒಂದ ಚಣ."

ಆ ಕಡೆ ಉಸಿರು ಎಳೆದುಕೊಳ್ಳುವ ಸದ್ದು. "ಸಾಕು. ಹಳಿಯಾಳದ ಮಂದಿ ಆ ಹುಡುಗನ್ನ ಅಷ್ಟೂ ನೋಡಿಲ್ಲ."

ಬಾಗಿಲಲ್ಲಿ ಭಾವ ನಿಂತಿದ್ದ. ಒಳಗಿನದನ್ನು ಅವನೂ ನೋಡಿದ್ದ. ಮಗ ತನ್ನನ್ನು ಹಾಗೆ ಎಂದೂ ನೋಡಿಲ್ಲವೆಂದು ಅವನಿಗೆ ಅವತ್ತು ಗೊತ್ತಾಗಿರಬೇಕು. ನನ್ನ ಕಡೆ ನೋಡದೆ, "ಮೇಡಮ್ಮಾರು ಇನ್ನೊಂದ್ ಸಲ ನೋಡ್ತಾರೇನು ಕೇಳು" ಅಂದ.

ಕೇಳಿದೆ. ದಾಂಡೇಲಿಯ ನಮ್ಮ ಮನೆಯಲ್ಲೇ ಕೂರೋಣ ಅಂದರು ಅಕ್ಕೋರು. ಸಂಸ್ಥೆಯ ಕಾಗದವಿಲ್ಲದಿದ್ದರೂ ಪರವಾಗಿಲ್ಲ, ಧಾರವಾಡದಲ್ಲಿ ತಮ್ಮ ಜೊತೆ ಓದಿದ ಡಾಕ್ಟರೊಬ್ಬರಿದ್ದಾರೆ, ತಾವು ನೋಡಿ ಹೇಳಿದರೆ ಅವರು ಬೇಗ ಕರೆಸಿಕೊಳ್ಳುತ್ತಾರೆ ಅಂದರು. ಭಾವನಿಗೆ ಹೇಳು, ಅಂಗಡಿಯಲ್ಲಿ ಅಂದದ್ದಕ್ಕೆ ತಪ್ಪಾಯಿತು ಅಂದೆನೆಂದು ಹೇಳು ಅಂದರು. ದಿನ ಗೊತ್ತಾಯಿತು. ನಮ್ಮ ಅಮ್ಮಿ ಶೀರ್‌ಕುರ್ಮಾಕ್ಕೆ ಶ್ಯಾವಿಗೆ ತರಿಸಿದಳು. ನಾನು ಪೇಟೆಯಿಂದ ಪುಗ್ಗಾಗಳ ಪಾಕೀಟು ತಂದಿಟ್ಟೆ.

ಅದರ ಹಿಂದಿನ ವಾರ ಅಕ್ಕೋರು ಹೋದರು. ದಮ್ಮು ಏರಿತ್ತಂತೆ. ಹುಬ್ಬಳ್ಳಿಯ ದಾರಿಯಲ್ಲಿ, ಆ್ಯಂಬುಲೆನ್ಸಿನಲ್ಲೇ. ಉಸಿರಿಲ್ಲದೆ ಹೋದರು. ಅದನ್ನೆಲ್ಲ ಅವರು ಎಲ್ಲಿ ಖರ್ಚು ಮಾಡಿದ್ದರೆಂದು ನಮ್ಮ ನಾಲ್ಕು ತಾಲ್ಲೂಕಿನ ಮಕ್ಕಳಿಗೆ ಗೊತ್ತು. ಆದರೆ ಆ ಮಕ್ಕಳಿಗೆ ಹೇಳಲು ಬರುವುದಿಲ್ಲ.

ಅವರ ಜಾಗಕ್ಕೆ ಯಾರೂ ಬಂದಿಲ್ಲ. ಮುನ್ನಾನ ಎರಡನೆಯ ಪರೀಕ್ಷೆ ಹಾಗೇ ಉಳಿದಿದೆ. ಆ ಡಾಕ್ಟರ ಹೆಸರನ್ನು ಅಕ್ಕೋರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಭಾವ ಧಾರವಾಡದ ದವಾಖಾನೆಗೆ ಹೋಗಿ ಬಂದ. ಬಹಳ ಜನ ಇದ್ದಾರೆ, ಪಾಳಿ ಬಂದಾಗ ಕರೆಯುತ್ತೇವೆ ಅಂದಿದ್ದಾರೆ. ಶಾಲೆಯವರು, ಸ್ವಲ್ಪ ಸುಧಾರಿಸಿದ ಮೇಲೆ ಕರೆತನ್ನಿರಿ ಅಂದಿದ್ದಾರೆ. ಸುಧಾರಿಸುವುದು ಎಲ್ಲಿ ಎಂದು ಅವರು ಹೇಳಲಿಲ್ಲ.

ಆದರೆ ಶ್ರದ್ಧಾಂಜಲಿ ಸಭೆ ಮಾತ್ರ ಸುಸೂತ್ರವಾಗಿ ನಡೆಯಿತು. ಹಳಿಯಾಳದಲ್ಲಿ, ವಾರ್ಷಿಕೋತ್ಸವ ನಡೆದಿದ್ದ ಅದೇ ಹಾಲಿನಲ್ಲಿ. ಬದುಕಿದ್ದಾಗ ಅರ್ಧ ಕೋಣೆ ಕೊಟ್ಟವರು ಫೋಟೋಕ್ಕೆ ಆಳೆತ್ತರದ ಹಾರ ತಂದಿದ್ದರು. ಸಾಕು ಅಂದಿದ್ದ ಸಂಸ್ಥೆಯವರು "ತುಂಬಲಾರದ ನಷ್ಟ" ಅಂದರು. ದೂರು ಕೊಟ್ಟ ನಾಲ್ವರಲ್ಲಿ ಒಬ್ಬ ವಂದನಾರ್ಪಣೆಗೆ ಕಾಯುತ್ತಿದ್ದ. ಭಾವ ಹಿಂದಿನ ಸಾಲಿನಲ್ಲಿ, ಆಪಾ ಮತ್ತು ಮುನ್ನಾನ ಜೊತೆ, ತಲೆ ತಗ್ಗಿಸಿ ಕೂತಿದ್ದ. ಭಾಷಣಗಳು ಉದ್ದವಾಗಿ ಜನ ಆಕಳಿಸತೊಡಗಿದಾಗ ನಿರೂಪಕ ನನ್ನನ್ನು ಕಂಡ.

"ನಮ್ಮ ಮಿಮಿಕ್ರಿ ಸ್ಟಾರ್ ಇಲ್ಲೇ ಅದಾರ. ಅಕ್ಕೋರದ ಭಾಳ ಛಲೋ ಮಾಡ್ತಾರ. ಬರ್ರಿ, ಎರಡ ನಿಮಿಷ ಅಕ್ಕೋರನ್ನ ತಂದ ತೋರಿಸ್ರಿ."

ಸ್ಟೇಜು ಹತ್ತಿದೆ. ನನ್ನ ಚೀಲ ಎಡಹೆಗಲಿಗೆ ಹಾಕಿಕೊಂಡೆ. ಮನೆಯಲ್ಲಿ ಹಾಗೇ ಉಳಿದಿದ್ದ ಪಾಕೀಟು ಅದರಲ್ಲಿತ್ತು. ಒಂದು ಪುಗ್ಗಾ ಊದಿದೆ. ತುಟಿಗೆ ಪುಡಿ ಹತ್ತಿತು. ಜನ ನಕ್ಕರು. ಕೈಬಿಟ್ಟೆ. ಅದು ಫರ್ರೆಂದು ಹಾರಿ, ಫೋಟೋಕ್ಕೆ ತಾಗಿ, ಮುಂದಿನ ಸಾಲಿನ ದೊಡ್ಡ ಮನುಷ್ಯರ ಕಾಲ ಬಳಿ ಬಿತ್ತು. ಜೋರಾಗಿ ನಕ್ಕರು. ಆಮೇಲೆ ನಾನು ನೆಲದ ಮೇಲೆ ಕೂತು, ಹುಬ್ಬು ಏರಿಸಿ, ಕಾದೆ.

ಯಾರಾದರೂ ಅದನ್ನು ಎತ್ತಿಕೊಟ್ಟಾರೆಂದು ಕಾದೆ. ಜನ ಪಕ್ಕದವರ ಮುಖ ನೋಡಿದರು. ಕುರ್ಚಿಗಳು ಕಿರುಗುಟ್ಟಿದವು. "ಮುಂದ?" ಅಂದ ಒಬ್ಬ. "ಮರ್ತಾನ," ಅಂದ ಇನ್ನೊಬ್ಬ. ದೊಡ್ಡ ಮನುಷ್ಯರೊಬ್ಬರು ಪುಗ್ಗಾವನ್ನು ಬೂಟಿನಿಂದ ಆಚೆ ಸರಿಸಿದರು. ನಿರೂಪಕ ಬಂದು ನನ್ನ ತಲೆಯ ಮೇಲೆ ಮೈಕು ಹಿಡಿದು, "ಸಮಯದ ಅಭಾವ ಇರೂದ್ರಿಂದ..." ಎಂದು ಶುರು ಮಾಡಿದ.

ಆಗ ಹಾಲಿನ ಹಿಂದಿನಿಂದ, ಸ್ಪಷ್ಟವಾಗಿ, ಕಂಡಕ್ಟರನ ದನಿ ಬಂತು: "ಇಳಿಯೋರು ಮುಂದ ಬರ್ರಿ!"

ಹಾಲಿಗೆ ಹಾಲೇ ಘೊಳ್ಳೆಂದಿತು. ಸತ್ತವರ ಫೋಟೋದ ಮುಂದೆ ಸಿಳ್ಳೆ ಹೊಡೆದರು. ಯಾವನೋ ಒನ್ಸ್ ಮೋರ್ ಅಂದ.

ನಾನು ಇಳಿದೆ. ನಡುವಿನ ದಾರಿಯಲ್ಲಿ ಹಿಂದಿನ ತನಕ ನಡೆದೆ. ಭಾವ ಆಗಲೇ ಎದ್ದು ನಿಂತು, ಎರಡೂ ಕಿವಿ ಮುಚ್ಚಿಕೊಂಡಿದ್ದ ಮಗನ ಹೆಗಲು ಹಿಡಿದಿದ್ದ, ಆದರೆ ಬಾಗಿಲು ಯಾವ ಕಡೆ ಎಂದು ತಿಳಿಯದವನಂತೆ ಸುತ್ತ ನೋಡುತ್ತಿದ್ದ. ನಾನು ಹೋಗಿ ಅಗುಳಿ ಸರಿಸಿ ಬಾಗಿಲು ತೆಗೆದೆ. ಮುನ್ನಾ ಹೊರಗೆ ಹೋದ. ಕಿವಿಯ ಮೇಲಿನ ಕೈ ತೆಗೆದ. ಒಳಗೆ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು.